ಜೋರು ಗಾಳಿ ಬೇಡ, ಹದವಾದ ಗಾಳಿ ಸಾಕು



ಕಳೆದ ಸಂಚಿಕೆ ನಿಮ್ಮ ಕೈಸೇರಿದ ವಾರದಲ್ಲೇ ಮಲೆನಾಡಿನ ಒಂದು ಪುಟ್ಟ ಊರಿನಿಂದ ನನಗೆ ಉದ್ದನೆಯ ಕಾಗದವೊಂದು ಬಂತು. ಹೆಸರು ಹಾಕಬೇಡಿ ಅಂತ ಬರೆದಿದ್ದಾರೆ, ಹಾಕುವುದಿಲ್ಲ. ಈ ಸೋದರಿ ಮನೆಯಲ್ಲೇ ಕೇಕು ಮಾಡಿ ಕೊಡುತ್ತಾರಂತೆ. ಮೊದಮೊದಲು ಅಕ್ಕಪಕ್ಕದ ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ. ಈಗ ನಾಮಕರಣ, ಮದುವೆಯ ವಾರ್ಷಿಕೋತ್ಸವ, ಶಾಲೆಯ ಸಮಾರಂಭ ಅಂತ ವಾರಕ್ಕೆ ನಾಲ್ಕೈದು ಕೇಕು. ಕ್ರೀಮಿನ ಮೇಲೆ ಬಣ್ಣವನ್ನು ಮಂಜಿನ ಹಾಗೆ ಹರಡುವ ಏರ್‌ಬ್ರಷ್ ಒಂದನ್ನು ಕೊಳ್ಳಬೇಕೆಂದು ಅವರ ಆಸೆ. ಬಿಡುವಾದಾಗ ಸೀರೆ, ರವಿಕೆಗಳ ಮೇಲೂ ಬಣ್ಣ ಹಾಕಬಹುದಲ್ಲ ಎಂದು ಇನ್ನೊಂದು ಆಸೆ. ಎರಡು ವರ್ಷ ಕಟ್ಟಿದ ಚೀಟಿಯ ಹಣ ಈ ತಿಂಗಳು ಕೈಗೆ ಬಂದಿದೆ.

"ಅಕ್ಕಾ, ಬ್ರಷ್ಷೇನೋ ಪೆನ್ನಿನಷ್ಟು ಚಿಕ್ಕದು. ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಯಾವುದು ತಗೊಳ್ಳಲಿ ಅಂತಲೇ ತಲೆಬಿಸಿ. ಪಂಕ್ಚರ್ ಅಂಗಡಿಯವರು ಹಳೇದೊಂದನ್ನು ಅರ್ಧ ಬೆಲೆಗೆ ಕೊಡ್ತಾರಂತೆ, ಗಾಳಿ ಗಾಳಿಯೇ ತಾನೇ ಅಂತಾರೆ ನಮ್ಮವರು. ಮೈದುನ ಫೋನಿನಲ್ಲಿ ಅಂಗೈಯಷ್ಟಿನ ಒಂದು ಡಬ್ಬಿ ತೋರಿಸಿ, ಇದೇ ಸಾಕು ಅತ್ತಿಗೆ ಅಂತಾನೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗಿರ್ತಾರೆ, ಅವರಿಗೆ ಸದ್ದು ಅಂದ್ರೆ ಆಗೋದಿಲ್ಲ. ಈ ದುಡ್ಡು ಹಾಳಾದ್ರೆ ಇನ್ನೆರಡು ವರ್ಷ ನನ್ನ ಕೈಯಲ್ಲಿ ಕಾಸಿರೋದಿಲ್ಲ. ನೀವೇ ಹೇಳಿ" ಎಂದು ಕೇಳಿದ್ದಾರೆ.

ಆ ಕೊನೆಯ ಮಾತು ಓದಿ ನನಗೆ ಸುಮ್ಮನಿರಲಾಗಲಿಲ್ಲ. ಯಾಕೆಂದರೆ ಅವರು ಮಾಡಲು ಹೊರಟಿರುವ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದವಳು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾವು ಸಾಗರದಲ್ಲಿದ್ದೆವು. ಗ್ಯಾರೇಜೊಂದರಲ್ಲಿ ಹಳೆಯ ಕಂಪ್ರೆಸರ್ ಅಗ್ಗಕ್ಕೆ ಸಿಕ್ಕಿತು ಅಂತ ಆಟೋದಲ್ಲಿ ಹೇರಿಸಿಕೊಂಡು ಬಂದೆ. ದೊಡ್ಡ ಟ್ಯಾಂಕು, ಎರಡು ಚಕ್ರ, ನೋಡುವುದಕ್ಕೆ ಗಜಗಾತ್ರ. ಇನ್ನೇನು ಬೇಕು ಎಂದುಕೊಂಡೆ. ಎದುರು ಮನೆಯ ಮಗುವಿಗೆ ನಾಲ್ಕನೆಯ ಹುಟ್ಟುಹಬ್ಬ. ಬಿಳಿ ಕ್ರೀಮಿನ ಕೇಕಿನ ಮೇಲೆ ಗುಲಾಬಿ ಬಣ್ಣ ಹಾಯಿಸಬೇಕು. ಹೊರಗೆ ಆಷಾಢದ ಮಳೆ ಸುರಿಯುತ್ತಿತ್ತು. ಸ್ವಿಚ್ ಹಾಕಿದ ಕೂಡಲೇ ಓಣಿಗೆಲ್ಲ ಕೇಳುವ ಹಾಗೆ ಅದು ಗುಡುಗಿತು. ಅದನ್ನೂ ಸಹಿಸಿಕೊಂಡೆ. ಬ್ರಷ್ಷಿನ ಗುಂಡಿ ಒತ್ತಿದರೆ ಬಣ್ಣದ ಮಂಜು ಬರುವ ಬದಲು ಪಿಚಕ್ ಪಿಚಕ್ ಎಂದು ನೀರು ಚಿಮ್ಮಿತು. ಹಿಂದೆಯೇ ಎಣ್ಣೆಯ ವಾಸನೆ! ಕೇಕಿನ ಮೇಲೆಲ್ಲ ಕಂದು ಚುಕ್ಕೆ.

ಅಷ್ಟು ಹೊತ್ತಿಗೆ ಸಂಜೆ ನಾಲ್ಕು ಗಂಟೆ. ಆ ಕೇಕನ್ನು ಮಗುವಿಗೆ ಕೊಡುವುದು ಹೇಗೆ? ಪೂರ್ತಿ ಎಸೆದೆ. ಮನೆಯಲ್ಲಿದ್ದ ರವೆಯಲ್ಲಿ ಕೇಸರಿಬಾತು ಮಾಡಿ, ತಟ್ಟೆಗೆ ದುಂಡಗೆ ಹಾಕಿ ಒಯ್ದೆ. ಪಾಪ, ಆ ತಾಯಿ ಒಂದು ಮಾತೂ ಅನ್ನಲಿಲ್ಲ, ಕೇಸರಿಬಾತಿನ ಮೇಲೇ ಮೇಣದಬತ್ತಿ ಚುಚ್ಚಿ ಹಚ್ಚಿದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಅಗ್ಗಕ್ಕೆ ಕೊಂಡ ಆ ಯಂತ್ರವನ್ನು ಕೊನೆಗೆ ಇನ್ನೂ ಅಗ್ಗಕ್ಕೆ ಗುಜರಿಗೆ ಹಾಕಿದೆ.

ತಪ್ಪು ಎಲ್ಲಿ ಆಯಿತು ಅಂತ ನಿಧಾನವಾಗಿ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಏರ್‌ಬ್ರಷ್ ಹೊಸ ಕಾಲದ ವಸ್ತುವೇನಲ್ಲ. ಅಮೆರಿಕದ ಅಯೋವಾ ರಾಜ್ಯದ ಆಬ್ನರ್ ಪೀಲರ್ ಎಂಬಾತ 1879ರ ಸುಮಾರಿಗೇ ಇಂಥದೊಂದನ್ನು ಮಾಡಿದ್ದ. ಆಮೇಲೆ ಬಹಳ ಕಾಲ ಫೋಟೋಗಳನ್ನು ತಿದ್ದಲು ಅದನ್ನು ಬಳಸಿದರು. ಅದರ ತತ್ವವೂ ಸುಲಭ. ಸಣ್ಣ ಬಾಯಿಂದ ರಭಸವಾಗಿ ಹೊರಡುವ ಗಾಳಿ ಬಣ್ಣವನ್ನು ಎಳೆದುಕೊಂಡು ಧೂಳಿನಂಥ ಹನಿಗಳಾಗಿ ಒಡೆಯುತ್ತದೆ. ಅಂದಮೇಲೆ ಗಾಳಿ ಹೇಗೋ ಬಣ್ಣವೂ ಹಾಗೆ. ಗಾಳಿ ತಡೆದು ತಡೆದು ಬಂದರೆ ಗೆರೆಯೂ ತುಂಡುತುಂಡು. ಗಾಳಿಯಲ್ಲಿ ನೀರಿದ್ದರೆ ಬಣ್ಣದಲ್ಲಿ ಕಲೆ. ಗಾಳಿಯಲ್ಲಿ ಎಣ್ಣೆಯಿದ್ದರೆ ತಿನ್ನುವ ಪದಾರ್ಥ ಕೆಟ್ಟಿತು. ಆದ್ದರಿಂದ ನಮಗೆ ಬೇಕಾದದ್ದು ಜೋರು ಗಾಳಿಯಲ್ಲ. ಒಂದೇ ಸಮನಾದ, ಒಣಗಿದ, ಶುಭ್ರವಾದ ಗಾಳಿ. ಈ ಮೂರು ಗುಣಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅಂಗಡಿಯಲ್ಲಿ ಯಾರೂ ನಿಮಗೆ ಟೋಪಿ ಹಾಕಲಾರರು.

ಈಗ ಆ ಸೋದರಿಯ ಮನೆಯವರ ಸಲಹೆಗಳನ್ನೇ ಒಂದೊಂದಾಗಿ ನೋಡೋಣ.

ಯಜಮಾನರು ಹೇಳುವ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ. ಗಾಳಿ ಗಾಳಿಯೇ ತಾನೇ ಎನ್ನುವವರಿಗೆ, ನೀರೆಲ್ಲ ನೀರೇ ಆದರೂ ಅನ್ನಕ್ಕೆ ಯಾವ ನೀರು ಇಡುತ್ತೇವೆ ಅಂತ ಕೇಳಿ! ಅಂಥ ಯಂತ್ರಗಳಲ್ಲಿ ಬಹಳಷ್ಟು ಎಣ್ಣೆ ಹಾಕಿ ಓಡಿಸುವಂಥವು. ಎಷ್ಟೇ ಸೋಸಿದರೂ ಎಣ್ಣೆಯ ಅಂಶ ಗಾಳಿಯ ಜೊತೆ ಬರುವ ಭಯ ಇದ್ದೇ ಇದೆ. ಸದ್ದೂ ವಿಪರೀತ. ಎಲ್ಲಕ್ಕಿಂತ ಮುಖ್ಯ, ಹಳೆಯ ಟ್ಯಾಂಕಿನ ಒಳಗೆ ನೀರು ನಿಂತು ತುಕ್ಕು ತಿಂದಿರುತ್ತದೆ, ಹೊರಗಿನ ಬಣ್ಣ ನೋಡಿದರೆ ತಿಳಿಯುವುದಿಲ್ಲ. ತುಕ್ಕು ಹಿಡಿದ ಟ್ಯಾಂಕಿನಲ್ಲಿ ಒತ್ತಡ ತುಂಬಿದರೆ ಅದು ಸಿಡಿಯಲೂಬಹುದು. ಕೆಲವು ಮೆಕ್ಯಾನಿಕ್ಕುಗಳು ಹಳೆಯ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ, ಸದ್ದೇ ಇಲ್ಲ ನೋಡಿ ಅಂತ ಜೋಡಿಸಿ ಕೊಡುತ್ತಾರೆ. ಸದ್ದು ಕಡಿಮೆ ನಿಜ, ಆದರೆ ಅದರೊಳಗೂ ಎಣ್ಣೆಯೇ. ಕೇಕಿಗೆ ಖಂಡಿತ ಬೇಡ.

ಇನ್ನು ಕಾರಿನ ಚಕ್ರಕ್ಕೆ ಗಾಳಿ ತುಂಬುವ ಪುಟ್ಟ ಪಂಪು, ಮನೆಯ ಮೀನಿನ ತೊಟ್ಟಿಯ ಪಂಪು ಆಗುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಮೊದಲನೆಯದು ಕೆಲವು ನಿಮಿಷ ಓಡುವುದಕ್ಕೆ ಮಾಡಿದ್ದು, ಹೆಚ್ಚು ಹೊತ್ತು ಓಡಿಸಿದರೆ ಸುಟ್ಟೀತು. ಎರಡನೆಯದಕ್ಕೆ ಬಣ್ಣ ಎಳೆಯುವಷ್ಟು ಶಕ್ತಿಯೇ ಇಲ್ಲ.

ಮೈದುನ ತೋರಿಸಿದ ಅಂಗೈಯಷ್ಟಿನ ಡಬ್ಬಿ, ಬ್ರಷ್ಷಿಗೇ ಅಂಟಿಕೊಂಡ ಬ್ಯಾಟರಿ ಕಂಪ್ರೆಸರ್ ಇರಬೇಕು. ಅದನ್ನು ಪೂರ್ತಿ ತಳ್ಳಿಹಾಕಲಾರೆ. ತಿಂಗಳಿಗೆ ಎರಡು ಮೂರು ಚಿಕ್ಕ ಕೇಕು ಮಾಡುವವರಿಗೆ, ಕೈ ಪಳಗಿಸಿಕೊಳ್ಳುವವರಿಗೆ ಅದು ಸಾಕಾದೀತು. ಕರೆಂಟು ಹೋದಾಗಲೂ ನಡೆಯುತ್ತದೆ. ಆದರೆ ಅದರಲ್ಲಿ ಟ್ಯಾಂಕು ಇಲ್ಲ, ಒತ್ತಡವನ್ನು ಬೇಕಾದ ಹಾಗೆ ಹೆಚ್ಚು ಕಡಿಮೆ ಮಾಡುವುದು ಅನೇಕ ಮಾದರಿಗಳಲ್ಲಿ ಆಗುವುದಿಲ್ಲ, ಚಾರ್ಜು ಮುಗಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ದಪ್ಪ ಬಟ್ಟೆ ಬಣ್ಣಕ್ಕೆ ಅದರ ಶಕ್ತಿ ಸಾಲದು. ವಾರಕ್ಕೆ ನಾಲ್ಕೈದು ಕೇಕಿನ ಮನೆಗೆ ಅದು ಬಹಳ ಕಾಲ ಬಾರದು.

ಹಾಗಾದರೆ ಯಾವುದು? ಏರ್‌ಬ್ರಷ್ಷಿಗೆಂದೇ ಮಾಡಿದ, ಎಣ್ಣೆ ಬೇಡದ ಪಿಸ್ಟನ್ ಕಂಪ್ರೆಸರ್, ಅದರ ಕೆಳಗೆ ಸುಮಾರು 3 ಲೀಟರಿನ ಪುಟ್ಟ ಟ್ಯಾಂಕು ಇರುವಂಥದು. ಮೇಜಿನ ಮೇಲೆ ಇಡಬಹುದಾದಷ್ಟು ಚಿಕ್ಕದು.

ಟ್ಯಾಂಕು ಯಾಕೆ ಅಂತೀರಾ? ನಮ್ಮ ಮನೆಯ ನೀರಿನ ಹಾಗೆಯೇ ತಿಳಿಯಿರಿ. ಬೋರಿನ ಮೋಟಾರಿನಿಂದ ನೇರವಾಗಿ ಪೈಪು ಎಳೆದರೆ ನೀರು ಬುಸ್ ಬುಸ್ ಎಂದು ಎಗರಿ ಎಗರಿ ಬರುತ್ತದೆ. ಮಾಳಿಗೆಯ ಟ್ಯಾಂಕಿಗೆ ತುಂಬಿಸಿ ಬಿಟ್ಟುಕೊಂಡರೆ ನಲ್ಲಿಯಲ್ಲಿ ಸಮನಾಗಿ ಬೀಳುತ್ತದೆ. ಟ್ಯಾಂಕಿಲ್ಲದ ಕಂಪ್ರೆಸರಿನಲ್ಲಿ ಪಿಸ್ಟನ್ನಿನ ಒಂದೊಂದು ಬಡಿತವೂ ಬ್ರಷ್ಷಿನ ತುದಿಯವರೆಗೆ ಬರುತ್ತದೆ. ಸಣ್ಣ ಗೆರೆ ಎಳೆಯುವಾಗ ಅದು ನಡುಗಿದ ಹಾಗೆ ಕಾಣುತ್ತದೆ. ಅಂಥದ್ದು ಅನೇಕ ಸಲ ಬಿಡದೆ ಓಡುತ್ತಲೂ ಇರುತ್ತದೆ, ಬೇಗ ಬಿಸಿಯಾಗುತ್ತದೆ. ಟ್ಯಾಂಕಿರುವುದು ತುಂಬಿದ ಮೇಲೆ ತಾನೇ ನಿಲ್ಲುತ್ತದೆ, ಗಾಳಿ ಇಳಿದಾಗ ತಾನೇ ಹೊರಡುತ್ತದೆ. ಅತ್ತೆಯವರಿಗೂ ನಡುನಡುವೆ ನೆಮ್ಮದಿ! ಹಾಗೆಂದು 3 ಲೀಟರ್ ಗಾಳಿ ಗಂಟೆಗಟ್ಟಲೆ ಬರುತ್ತದೆಂದು ತಿಳಿಯಬೇಡಿ. ಬಣ್ಣ ಹಾಯಿಸುತ್ತಿದ್ದರೆ ಮೋಟಾರು ಆಗಾಗ ಹೊರಡುತ್ತಲೇ ಇರುತ್ತದೆ. ಟ್ಯಾಂಕಿನ ಮುಖ್ಯ ಉಪಕಾರ ಬಡಿತವನ್ನು ಅಡಗಿಸುವುದು.

ಈಗ ಅಂಗಡಿಗೆ ಹೋಗೋಣ. ಒಂದು ಚೀಟಿಯಲ್ಲಿ ಇವನ್ನು ಬರೆದುಕೊಂಡು ಹೋಗಿ.

1. ಒತ್ತಡ: ಇದನ್ನು ಪಿಎಸ್‌ಐ ಅಥವಾ ಬಾರ್ ಲೆಕ್ಕದಲ್ಲಿ ಹೇಳುತ್ತಾರೆ. 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಕೇಕಿನ ಕೆಲಸಕ್ಕೆ 15ರಿಂದ 25 ಪಿಎಸ್‌ಐ ಧಾರಾಳ. ಬಟ್ಟೆಯ ಬಣ್ಣ ದಪ್ಪ, ಅದಕ್ಕೆ 30ರಿಂದ 40 ಬೇಕಾದೀತು. 3 ಬಾರಿಗೆ ಇಳಿದಾಗ ಹೊರಟು 4 ಬಾರಿಗೆ ನಿಲ್ಲುವ ಚಿಕ್ಕ ಯಂತ್ರ ಎರಡಕ್ಕೂ ಸಾಕು. 8 ಬಾರ್ ಬರುತ್ತದೆ ಎಂದು ಅಂಗಡಿಯವರು ಹೊಗಳಿದರೆ ಮರುಳಾಗಬೇಡಿ. ಅಷ್ಟು ಗಾಳಿ ನಮ್ಮ ಕ್ರೀಮಿಗೆ ಯಾಕೆ?

2. ಗಾಳಿಯ ಪ್ರಮಾಣ: ಒತ್ತಡ ಬೇರೆ, ಪ್ರಮಾಣ ಬೇರೆ. 0.3 ಮಿಲಿಮೀಟರ್ ಬಾಯಿಯ ಬ್ರಷ್ ಸಾಮಾನ್ಯವಾಗಿ ನಿಮಿಷಕ್ಕೆ 10ರಿಂದ 15 ಲೀಟರ್ ಗಾಳಿ ಕುಡಿಯುತ್ತದೆ. ಯಂತ್ರ ನಿಮಿಷಕ್ಕೆ 20 ಲೀಟರಿನಷ್ಟಾದರೂ ಕೊಡಬೇಕು. ಬಟ್ಟೆಗೆ 0.5 ಮಿಲಿಮೀಟರ್ ಬಾಯಿಯ ಬ್ರಷ್ ಇಟ್ಟುಕೊಳ್ಳುವವರು ಇದಕ್ಕಿಂತ ಸ್ವಲ್ಪ ಹೆಚ್ಚು ಕೊಡುವುದನ್ನೇ ನೋಡಿ.

3. ರೆಗ್ಯುಲೇಟರು ಮತ್ತು ಮುಳ್ಳಿನ ಮೀಟರು: ಒಲೆಯ ಉರಿಯನ್ನು ತಿರುಗಿಸಿದ ಹಾಗೆ ಗಾಳಿಯನ್ನು ಏರಿಸಿ ಇಳಿಸಲು ಬರಬೇಕು. ಇದಿಲ್ಲದ ಯಂತ್ರ ಪುಕ್ಕಟೆ ಕೊಟ್ಟರೂ ಬೇಡ.

4. ನೀರು ಹಿಡಿಯುವ ಬಟ್ಟಲು: ರೆಗ್ಯುಲೇಟರಿನ ಕೆಳಗೆ ಪಾರದರ್ಶಕವಾದ ಪುಟ್ಟ ಬಟ್ಟಲು ನೇತಾಡುತ್ತಿರುತ್ತದೆ. ಒದ್ದೆ ಬಟ್ಟೆ ಹಿಂಡಿದರೆ ನೀರು ಬರುವ ಹಾಗೆ, ತೇವದ ಗಾಳಿಯನ್ನು ಒತ್ತಿ ತುಂಬಿ ಅದು ತಣ್ಣಗಾದರೆ ನೀರು ಬಿಡುತ್ತದೆ. ಮಲೆನಾಡು, ಕರಾವಳಿಯ ಸೋದರಿಯರಿಗೆ ಇದು ಇಲ್ಲದೆ ಆಗುವುದೇ ಇಲ್ಲ. ನನ್ನ ಕೇಕನ್ನು ಕೆಡಿಸಿದ್ದು ಎಣ್ಣೆಯ ಜೊತೆಗೆ ಆ ಆಷಾಢದ ತೇವವೂ ಹೌದು.

5. ಸೇಫ್ಟಿ ವಾಲ್ವು: ನಮ್ಮ ಕುಕ್ಕರಿಗೆ ಇದ್ದ ಹಾಗೆ ಇದಕ್ಕೂ ಒಂದಿರಬೇಕು. ಎಲ್ಲಿದೆ ತೋರಿಸಿ ಅಂತ ಕೇಳಿ.

6. ಕರೆಂಟು: ಈ ಯಂತ್ರಗಳು 1/8, 1/6, 1/5 ಎಚ್‌ಪಿಯವು. 1/6 ಎಚ್‌ಪಿ ಅಂದರೆ ಸುಮಾರು 125 ವ್ಯಾಟ್. ಮಿಕ್ಸಿಗಿಂತ ಎಷ್ಟೋ ಕಡಿಮೆ. ಎಂಟು ಗಂಟೆ ಬಿಡದೆ ಓಡಿದರೆ ಒಂದು ಯೂನಿಟ್ಟು. ನಮ್ಮಲ್ಲಿಯ 230 ವೋಲ್ಟಿಗೆ ಮಾಡಿದ್ದೇ ಅಂತ ತಗಡಿನ ಮೇಲೆ ಓದಿ ನೋಡಿ. ಹೊರದೇಶದಿಂದ ಬಂದ 110 ವೋಲ್ಟಿನದನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತದೆ.

7. ಪೈಪು ಮತ್ತು ತಿರುಪು: ನಿಮ್ಮ ಬ್ರಷ್ಷನ್ನೂ ಜೊತೆಗೆ ಒಯ್ಯಿರಿ. ಕೆಲವು ಬ್ರಷ್ಷುಗಳ ತಿರುಪಿನ ಅಳತೆ ಬೇರೆ ಇರುತ್ತದೆ. ಅಲ್ಲೇ ಕೂಡಿಸಿ ನೋಡಿದರೆ ಮನೆಗೆ ಬಂದು ಪೇಚಾಡುವುದು ತಪ್ಪುತ್ತದೆ.

ಕಾಗದದ ಮೇಲೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಸಾಧ್ಯವಾದರೆ ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಖಾಲಿ ಟ್ಯಾಂಕಿನಿಂದ ಶುರು ಮಾಡಿಸಿ. 3 ಲೀಟರಿನ ಟ್ಯಾಂಕು ಸುಮಾರು ಒಂದು ನಿಮಿಷದಲ್ಲಿ ತುಂಬಿ ಮೋಟಾರು ನಿಲ್ಲಬೇಕು. ನಿಂತ ಮೇಲೆ ಬ್ರಷ್ ಮುಟ್ಟದೆ ಹತ್ತು ನಿಮಿಷ ಮುಳ್ಳನ್ನೇ ನೋಡಿ. ಮುಳ್ಳು ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಕೂಡುವ ಕಡೆ ಸೋಪಿನ ನೊರೆ ಸವರಿದರೆ ಗುಳ್ಳೆ ಏಳುತ್ತದೆ, ಗ್ಯಾಸಿನ ಪೈಪು ನೋಡಿದ ಹಾಗೆಯೇ. ಆಮೇಲೆ ಸದ್ದು. ಯಂತ್ರದ ಪಕ್ಕ ನಿಂತು ಎಂದಿನ ದನಿಯಲ್ಲಿ ಮಾತಾಡಿ. ಇಬ್ಬರು ಮಾತಾಡುವ ಸದ್ದು ಸುಮಾರು 60 ಡೆಸಿಬಲ್. ಒಳ್ಳೆಯ ಚಿಕ್ಕ ಕಂಪ್ರೆಸರ್ ಅದಕ್ಕಿಂತ ಹೆಚ್ಚು ಗಲಾಟೆ ಮಾಡಬಾರದು. ನೀವು ದನಿ ಏರಿಸಬೇಕಾದರೆ ಅದು ನಿಮ್ಮ ಮನೆಗೆ ಬೇಡ.

ಆನ್‌ಲೈನಿನಲ್ಲಿ ತರಿಸುವವರು, ವಾಪಸು ತೆಗೆದುಕೊಳ್ಳುತ್ತಾರೆಯೇ, ಎಷ್ಟು ದಿನದೊಳಗೆ, ವಾಷರು, ಫಿಲ್ಟರು ಬೇರೆ ಸಿಗುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಿ. ಪೆಟ್ಟಿಗೆ ಬಂದ ದಿನವೇ ಮೇಲಿನ ಪರೀಕ್ಷೆಯನ್ನೆಲ್ಲ ಮಾಡಿ. ಅಟ್ಟಕ್ಕೆ ಹಾಕಿ ಮರೆತರೆ ವಾಪಸಿನ ಅವಧಿ ಮುಗಿದುಹೋಗುತ್ತದೆ.

ಮನೆಗೆ ತಂದ ಮೇಲೆ ಅದರ ಆರೈಕೆ ಬಹಳವಿಲ್ಲ. ಗೋಡೆಗೆ ಒರಗಿಸದೆ, ಕೆಳಗೆ ರಬ್ಬರು ಹಾಸು ಹಾಕಿ ಇಡಿ, ಸದ್ದು ಇನ್ನಷ್ಟು ತಗ್ಗುತ್ತದೆ. ಸದ್ದಿಗೆ ಹೆದರಿ ಕಂಬಳಿ ಹೊದಿಸಬೇಡಿ, ಕಾವು ಏರಿ ಮೋಟಾರು ಕೆಡುತ್ತದೆ. ಕೆಲಸ ಮುಗಿದ ಮೇಲೆ ಪ್ಲಗ್ಗು ತೆಗೆದು, ಗಾಳಿ ಪೂರ್ತಿ ಬಿಟ್ಟು, ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಬಸಿಯಿರಿ. ಮಳೆಗಾಲದಲ್ಲಿ ಕೆಲಸದ ನಡುವೆಯೂ ಬಟ್ಟಲಿನ ನೀರನ್ನು ಬಿಡಬೇಕಾಗುತ್ತದೆ. ಹಾಲಿನ ಪಾತ್ರೆ ತೊಳೆದಿಡುವಷ್ಟೇ ನಿಷ್ಠೆಯಿಂದ ಇದನ್ನು ಮಾಡಿದರೆ ಟ್ಯಾಂಕಿಗೆ ತುಕ್ಕಿನ ಭಯ ದೂರ.

ಕೇಕು ಮತ್ತು ಸೀರೆ ಎರಡಕ್ಕೂ ಒಂದೇ ಕಂಪ್ರೆಸರ್ ಆದೀತೇ ಎಂದು ಆ ಸೋದರಿ ಕೇಳಿದ್ದಾರೆ. ಆದೀತು. ಗಾಳಿ ಯಂತ್ರದಿಂದ ಹೊರಗೆ ಹೋಗುತ್ತದೆಯೇ ಹೊರತು ಬಣ್ಣ ಒಳಕ್ಕೆ ಬರುವುದಿಲ್ಲ. ಆದರೆ ಬ್ರಷ್ಷು ಮಾತ್ರ ಎರಡು ಬೇಕೇ ಬೇಕು. ಬಟ್ಟೆಯ ಬಣ್ಣ ಹಾಕಿದ ಬ್ರಷ್ಷನ್ನು ಎಷ್ಟು ತೊಳೆದರೂ ಕೇಕಿಗೆ ಮುಟ್ಟಿಸಬೇಡಿ. ಕೇಕಿಗೆ ತಿನ್ನಲು ಯೋಗ್ಯವೆಂದು ಸೀಸೆಯ ಮೇಲೆ ಬರೆದಿರುವ ಬಣ್ಣವನ್ನೇ ತನ್ನಿ. 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳಲ್ಲಿ ರೋಡಮೈನ್-ಬಿ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಕಣ್ಣಿಗೆ ಚೆಂದ ಕಂಡದ್ದೆಲ್ಲ ಹೊಟ್ಟೆಗೆ ಒಳ್ಳೆಯದಲ್ಲ.

ಇನ್ನೊಂದು ಮಾತು, ನಾವು ಹೆಂಗಸರು ಸದಾ ಅಲಕ್ಷ್ಯ ಮಾಡುವಂಥದು. ಆ ಬಣ್ಣದ ಮಂಜು ಕೇಕಿನ ಮೇಲಷ್ಟೇ ಕೂರುವುದಿಲ್ಲ, ನಮ್ಮ ಮೂಗಿನೊಳಗೂ ಹೋಗುತ್ತದೆ. ತಿನ್ನುವ ಬಣ್ಣವೇ ತಾನೇ ಎಂದು ಉದಾಸೀನ ಬೇಡ, ತಿನ್ನುವುದು ಬೇರೆ, ಉಸಿರಿನಲ್ಲಿ ಎಳೆದುಕೊಳ್ಳುವುದು ಬೇರೆ. ಕಿಟಕಿ ತೆರೆದು, ಮೂಗು ಬಾಯಿಗೆ ಬಿಗಿಯಾಗಿ ಕೂರುವ ಎನ್-95 ಮಾಸ್ಕು ಹಾಕಿಕೊಂಡೇ ಕೆಲಸ ಮಾಡಿ. ಸೆರಗು ಕಟ್ಟಿಕೊಂಡರೆ ಸಾಲದು. ಮನೆಯಲ್ಲಿ ಉಬ್ಬಸದವರಿದ್ದರೆ, ಎಳೆಮಕ್ಕಳಿದ್ದರೆ ಅವರನ್ನು ಬೇರೆ ಕೋಣೆಯಲ್ಲಿ ಇರಿಸಿ. ಕೆಲವು ಬಣ್ಣಗಳಲ್ಲಿ ಬೇಗ ಒಣಗಲೆಂದು ಆಲ್ಕೋಹಾಲ್ ಇರುತ್ತದೆ, ಬಟ್ಟೆ ಬಣ್ಣದವರು ತಿನ್ನರು ಬಳಸುವುದೂ ಉಂಟು. ಇವಕ್ಕೆ ಬೆಂಕಿ ಬೇಗ ಹತ್ತುತ್ತದೆ. ಒಲೆಯೋ ದೀಪವೋ ಉರಿಯುತ್ತಿರುವ ಕಡೆ ಗುಂಡಿ ಒತ್ತಲೇಬೇಡಿ.

ಕೊನೆಗೆ ಹಣದ ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು. ಕಳೆದ ಮೂರು ತಿಂಗಳಲ್ಲಿ ಎಷ್ಟು ಕೇಕು ಕೊಟ್ಟಿರಿ, ಅವುಗಳಲ್ಲಿ ಎಷ್ಟು ಮಂದಿ ಇಂಥ ಬಣ್ಣದ ಕೆಲಸ ಕೇಳಿದರು, ಒಂದೊಂದಕ್ಕೆ ಹೆಚ್ಚಿಗೆ ಎಷ್ಟು ಕೊಟ್ಟಾರು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಒಂದು ವರ್ಷದಲ್ಲಿ ಯಂತ್ರದ ಬೆಲೆ ಹಿಂದಿರುಗುವ ಹಾಗಿದ್ದರೆ ಧೈರ್ಯವಾಗಿ ಕೊಳ್ಳಿ. ಇಲ್ಲವೆಂದರೆ ಇನ್ನೂ ಆರು ತಿಂಗಳು ಚಿಕ್ಕ ಬ್ಯಾಟರಿಯದರಲ್ಲೇ ಕೈ ಪಳಗಲಿ. ನಿಮ್ಮೂರಿನ ಮಹಿಳಾ ಸಂಘದಲ್ಲಿ ಇಬ್ಬರು ಮೂವರು ಸೇರಿ ಒಂದು ತಂದರೂ ಆಯಿತು, ನಾಳೆ ಗೌರಿಹಬ್ಬದ, ದಸರೆಯ ಗೊಂಬೆಗಳಿಗೆ ಬಣ್ಣ ಹಾಕಲೂ ಬಂದೀತು. ಆದರೆ ಚೀಟಿಯ ಹಣವನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ. ಬ್ರಷ್ಷು, ಬಣ್ಣ, ಮಾಸ್ಕುಗಳಿಗೆ ಒಂದು ಪಾಲು ತೆಗೆದಿಡಿ.

ಕಾಗದ ಬರೆದ ಸೋದರಿಗೆ ಇಷ್ಟು ಹೇಳುತ್ತೇನೆ. ವಾರಕ್ಕೆ ನಾಲ್ಕೈದು ಕೇಕು ಅಂದರೆ ಲೆಕ್ಕ ನಿಮ್ಮ ಕಡೆಗೇ ಇದೆ. ಟ್ಯಾಂಕಿರುವ, ಎಣ್ಣೆ ಬೇಡದ ಚಿಕ್ಕ ಕಂಪ್ರೆಸರನ್ನೇ ಹೊಸದಾಗಿ ಕೊಳ್ಳಿ. ಯಜಮಾನರ ಮೇಲೆ ಬೇಸರ ಬೇಡ, ಅವರು ನಿಮ್ಮ ದುಡ್ಡು ಉಳಿಸಬೇಕೆಂದೇ ಹೇಳಿದ್ದು. ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ. ಅಂಗಡಿಯವರು ಅವರ ಮುಖ ನೋಡಿಕೊಂಡೇ ಮಾತಾಡಿಯಾರು, ಆಗ ಚೀಟಿ ತೆಗೆದು ಪ್ರಶ್ನೆಗಳನ್ನು ನೀವೇ ಕೇಳಿ. ದುಡ್ಡು ನಿಮ್ಮದು, ಕೆಲಸ ನಿಮ್ಮದು. ಓಡಿಸಿ ನೋಡಿ ಒಪ್ಪಿಗೆಯಾದರೆ ಮಾತ್ರ ತನ್ನಿ. ಅತ್ತೆಯವರಿಗೆ ಮೊದಲ ಕೇಕಿನ ಮೊದಲ ತುಂಡು ಕೊಡಿ, ಅವರಿಗೂ ಆ ಸದ್ದು ಸ್ವಲ್ಪ ಹಿತವಾದೀತು!

ಹೊಸ ಯಂತ್ರ ತಂದ ಮೇಲೆ ಮೊದಲ ವಾರ ಕೇಕು ಮುಟ್ಟಬೇಡಿ. ಹಳೆಯ ದಿನಪತ್ರಿಕೆಯ ಮೇಲೆ ಬರೀ ನೀರಿಗೆ ಬಣ್ಣ ಬೆರೆಸಿ ಚುಕ್ಕೆ, ಗೆರೆ, ಬಳ್ಳಿ ಎಳೆಯಿರಿ. ರಂಗೋಲಿ ಬಲ್ಲ ಕೈಗೆ ಇದು ಬೇಗ ಒಲಿಯುತ್ತದೆ. ಮುಂದೆ ಹೇಗಾಯಿತು ಅಂತ ನನಗೊಂದು ಕಾಗದ ಬರೆಯಲು ಮರೆಯಬೇಡಿ.

ಬರಲೇ?

ನಿಮ್ಮ ಅಕ್ಕ